ಫೋನ್‌ನ ವೈ-ಫೈ: 5, 6, 6ಇ, 7ರಲ್ಲಿ ಯಾವುದು ಸಾಕು, ಯಾವುದಕ್ಕೆ ದುಡ್ಡು ಹಾಕಬೇಕು

ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾ, ಬ್ಯಾಟರಿ, ಪರದೆ ಎಲ್ಲವನ್ನೂ ಅಳೆದು ತೂಗಿ ನೋಡುತ್ತೇವೆ. ವೈ-ಫೈ ಸಾಲಿಗೆ ಬಂದಾಗ ಮಾತ್ರ ಅಲ್ಲಿರುವ ಅಂಕಿಯೊಂದನ್ನು ನೋಡಿ ಮುಂದೆ ಹೋಗುತ್ತೇವೆ. 6ಕ್ಕಿಂತ 7 ದೊಡ್ಡದು, ಹಾಗಾಗಿ 7 ಒಳ್ಳೆಯದು ಎಂಬಷ್ಟೇ ಲೆಕ್ಕ. ಆದರೆ ಆ ಅಂಕಿ ಅರ್ಧ ಸಂಗತಿಯನ್ನಷ್ಟೇ ಹೇಳುತ್ತದೆ. ಫೋನ್‌ಗೆ 6 ಗಿಗಾಹರ್ಟ್ಸ್ ಬ್ಯಾಂಡ್ (ವೈ-ಫೈ ಬಳಸುವ ರೇಡಿಯೊ ತರಂಗಗಳ ಪಟ್ಟಿ) ಸಿಗುತ್ತದೆಯೇ, ಅದು ಎಷ್ಟು ಅಗಲದ ಚಾನೆಲ್ (ಆ ಪಟ್ಟಿಯೊಳಗಿನ ಒಂದು ದಾರಿ) ಬಳಸಬಲ್ಲದು, ಒಳಗೆ ಆಂಟೆನಾ ಒಂದೋ ಎರಡೋ? ನಿಮ್ಮ ಕೈಗೆ ಬರುವ ವೇಗ ನಿಂತಿರುವುದು ಈ ಮೂರರ ಮೇಲೆ. ವೈ-ಫೈ 7 ಎಂದು ಬರೆದುಕೊಂಡೂ 6 ಗಿಗಾಹರ್ಟ್ಸ್ ಇಲ್ಲದ ಸಾಧನಗಳಿವೆ. ವೈ-ಫೈ 6 ಎಂದಷ್ಟೇ ಬರೆದಿರುವ ಎರಡು ಫೋನ್‌ಗಳಲ್ಲಿ ಒಂದರ ಗರಿಷ್ಠ ವೇಗ ಇನ್ನೊಂದರ ಎರಡರಷ್ಟಿರುವುದೂ ಉಂಟು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ವೈ-ಫೈನಲ್ಲಿ ಹಳೆಯದಕ್ಕೂ ಹೊಸದಕ್ಕೂ ಹೊಂದಿಕೆ ಇದ್ದೇ ಇರುತ್ತದೆ. ವೈ-ಫೈ 7 ಫೋನ್ ಹತ್ತು ವರ್ಷ ಹಳೆಯ ರೂಟರ್‌ಗೂ ಸೇರಿಕೊಳ್ಳುತ್ತದೆ, ಹಳೆಯ ಫೋನ್ ಹೊಸ ರೂಟರ್‌ಗೂ ಸೇರಿಕೊಳ್ಳುತ್ತದೆ. ಆದರೆ ಇಬ್ಬರಲ್ಲಿ ಯಾರು ಹಿಂದಿದ್ದಾರೋ ಅವರ ಹೆಜ್ಜೆಗೆ ಇನ್ನೊಬ್ಬರು ಹೆಜ್ಜೆ ಹಾಕಬೇಕು. ಫೋನ್ ಒಂದನ್ನೇ ಬದಲಿಸಿ ಹೊಸ ಪೀಳಿಗೆಯ ಲಾಭ ಪಡೆಯುತ್ತೇನೆ ಎಂದರೆ ಆಗುವುದಿಲ್ಲ.

ಯಾವ ಹೆಸರಿನೊಳಗೆ ಏನಿದೆ

ವೈ-ಫೈ 4, 5, 6 ಎಂಬ ಸರಳ ಹೆಸರುಗಳನ್ನು ವೈ-ಫೈ ಸಾಧನಗಳನ್ನು ಪ್ರಮಾಣೀಕರಿಸುವ ಸಂಘಟನೆಯಾದ ವೈ-ಫೈ ಅಲಯನ್ಸ್ ತಂದದ್ದು 2018ರಲ್ಲಿ. ಅದಕ್ಕೂ ಮೊದಲಿನ ತಾಂತ್ರಿಕ ಹೆಸರುಗಳು ಫೋನ್‌ಗಳ ವಿವರಪಟ್ಟಿಯಲ್ಲಿ ಈಗಲೂ ಕಾಣುತ್ತವೆ. 802.11ಎನ್ ಎಂದರೆ ವೈ-ಫೈ 4, 802.11ಎಸಿ ಎಂದರೆ 5, 802.11ಎಎಕ್ಸ್ ಎಂದರೆ 6, 802.11ಬಿಇ ಎಂದರೆ 7. 6ಇ ಎಂಬುದು ಬೇರೆ ತಂತ್ರವೇನೂ ಅಲ್ಲ. ಅದೇ ಎಎಕ್ಸ್ ಅನ್ನು 6 ಗಿಗಾಹರ್ಟ್ಸ್ ಬ್ಯಾಂಡ್‌ಗೂ ವಿಸ್ತರಿಸಿದ್ದು, ಅಷ್ಟೆ. ಹಾಗಾಗಿ ವಿವರಪಟ್ಟಿಯಲ್ಲಿ ಬರೀ ‘802.11ಎಎಕ್ಸ್’ ಎಂದಿದ್ದರೆ ಅದು 6 ಇರಬಹುದು, 6ಇ ಕೂಡ ಇರಬಹುದು. ಪಕ್ಕದಲ್ಲಿ ‘2.4, 5, 6 ಗಿಗಾಹರ್ಟ್ಸ್’ ಎಂದಿದೆಯೋ ನೋಡಿ.

ವೈ-ಫೈ 5 ಕೆಲಸ ಮಾಡುವುದು 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ. ಆ ಫೋನ್ 2.4ಕ್ಕೆ ಇಳಿದರೆ ಸಾಮಾನ್ಯವಾಗಿ ವೈ-ಫೈ 4ರ ಮಟ್ಟಕ್ಕೇ ಇಳಿಯುತ್ತದೆ. ವೈ-ಫೈ 6 ಈ ಎರಡೂ ಬ್ಯಾಂಡ್‌ಗಳನ್ನು ಸುಧಾರಿಸಿತು. ಅದರ ದೊಡ್ಡ ಕೊಡುಗೆ ಗರಿಷ್ಠ ವೇಗಕ್ಕಿಂತ ಗದ್ದಲದಲ್ಲಿ ಸಿಗುವ ವೇಗ. ಒಂದೇ ಚಾನೆಲ್ ಅನ್ನು ಸಣ್ಣ ಸಣ್ಣ ತುಂಡು ಮಾಡಿ ಒಂದೇ ಹೊತ್ತಿಗೆ ಹಲವು ಸಾಧನಗಳಿಗೆ ಹಂಚುವ ಒಎಫ್‌ಡಿಎಂಎ ಬಂದದ್ದು ಇಲ್ಲಿಂದ. ಫೋನ್ ಮತ್ತು ರೂಟರ್ ಮೊದಲೇ ಮಾತಾಡಿಕೊಂಡು, ಎಚ್ಚರವಾಗುವ ಹೊತ್ತನ್ನು ಗೊತ್ತು ಮಾಡಿಕೊಳ್ಳುವ ಟಿಡಬ್ಲ್ಯೂಟಿ ಕೂಡ ಇಲ್ಲಿಯದೇ. ಇದರಿಂದ ಫೋನ್‌ನ ರೇಡಿಯೊ ಹೆಚ್ಚು ಹೊತ್ತು ಮಲಗಿರಬಹುದು, ಬ್ಯಾಟರಿ ಉಳಿಯುತ್ತದೆ. ಮನೆಯಲ್ಲಿ ಹತ್ತಿಪ್ಪತ್ತು ಸಾಧನಗಳಿದ್ದರೆ 5ರಿಂದ 6ಕ್ಕೆ ಬರುವುದು ನಿಜಕ್ಕೂ ಅನುಭವಕ್ಕೆ ಬರುವ ಬದಲಾವಣೆ.

ಲಿಂಕ್ ಸ್ಪೀಡ್ ಎಂಬ ಅಂಕಿ ಏನು ಹೇಳುತ್ತದೆ

ಆಂಡ್ರಾಯ್ಡ್ ಫೋನ್ ಕೈಯಲ್ಲಿದ್ದರೆ ಸೆಟ್ಟಿಂಗ್ಸ್‌ನಲ್ಲಿ ವೈ-ಫೈಗೆ ಹೋಗಿ, ಸೇರಿಕೊಂಡಿರುವ ನೆಟ್‌ವರ್ಕ್‌ನ ಪಕ್ಕದ ಗಾಲಿ ಚಿಹ್ನೆ ಒತ್ತಿ. ಹೆಚ್ಚಿನ ಫೋನ್‌ಗಳಲ್ಲಿ ಅಲ್ಲಿ ಲಿಂಕ್ ಸ್ಪೀಡ್ (ಫೋನ್ ಮತ್ತು ರೂಟರ್ ನಡುವಿನ ಸಂಪರ್ಕದ ವೇಗ) ಮತ್ತು ಫ್ರೀಕ್ವೆನ್ಸಿ ಕಾಣುತ್ತವೆ. ರೂಟರ್ ಇರುವ ಕೋಣೆಯಲ್ಲೇ, ಎರಡು ಮೂರು ಮೀಟರ್ ದೂರದಲ್ಲಿ ನಿಂತು ನೋಡಿ. ಆ ಒಂದು ಅಂಕಿ ಸಾಕು, ಫೋನ್ ಮತ್ತು ರೂಟರ್ ಜೋಡಿಯ ಜಾತಕ ತಿಳಿಯುತ್ತದೆ.

433 ಎಂಬಿಪಿಎಸ್ ಎಂದು ತೋರಿಸಿದರೆ ವೈ-ಫೈ 5, 80 ಮೆಗಾಹರ್ಟ್ಸ್ ಅಗಲ, ಒಂದೇ ಆಂಟೆನಾ. ಅಗ್ಗದ ಫೋನ್‌ಗಳಲ್ಲಿ ಇದು ಸಾಮಾನ್ಯ. 866 ಬಂದರೆ ಅದೇ ಅಗಲ, ಎರಡು ಆಂಟೆನಾ. 1201 ಬಂದರೆ ವೈ-ಫೈ 6, 80 ಮೆಗಾಹರ್ಟ್ಸ್, ಎರಡು ಆಂಟೆನಾ. 2401 ಅಥವಾ 2402 ಬಂದರೆ ಅಗಲ 160ಕ್ಕೆ ಏರಿದೆ. 2882 ಎಂದರೆ ವೈ-ಫೈ 7, 160 ಮೆಗಾಹರ್ಟ್ಸ್. 5765 ಎಂದರೆ ವೈ-ಫೈ 7ರ ಪೂರ್ತಿ 320 ಮೆಗಾಹರ್ಟ್ಸ್. 72 ಅಥವಾ 144 ಕಂಡರೆ ಫೋನ್ 2.4 ಗಿಗಾಹರ್ಟ್ಸ್‌ನಲ್ಲಿ, ವೈ-ಫೈ 4ರಲ್ಲಿ ಕೂತಿದೆ ಎಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಹುದು.

ಈ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಮುಖ್ಯ ವಿಷಯ ತಾನಾಗಿ ಕಾಣುತ್ತದೆ. 866ರಿಂದ 1201ಕ್ಕೆ ಏರಿದ್ದು ಪೀಳಿಗೆ ಬದಲಾದದ್ದರಿಂದ. 1201ರಿಂದ 2402ಕ್ಕೆ ಏರುವಾಗ ಪೀಳಿಗೆ ಬದಲಾಗಿಲ್ಲ, ಅಗಲ ಮಾತ್ರ ದುಪ್ಪಟ್ಟಾಗಿದೆ. 2402ರಿಂದ 2882ಕ್ಕೆ ಮತ್ತೆ ಪೀಳಿಗೆ ಬದಲಾಗಿದೆ, ಸಿಕ್ಕಿದ್ದು ಶೇ. 20 ಮಾತ್ರ. ಆ ಶೇ. 20 ಕೊಡುವ, ಒಂದೇ ಸಂಕೇತದಲ್ಲಿ ಹೆಚ್ಚು ದತ್ತಾಂಶ ತುಂಬುವ 4096-ಕ್ಯೂಎಎಂ ಎಂಬ ತಂತ್ರಕ್ಕೆ ಸಂಕೇತ ತೀರಾ ಶುದ್ಧವಾಗಿರಬೇಕು. ರೂಟರ್ ಇರುವ ಕೋಣೆ ಬಿಟ್ಟು ಹೊರಬಂದರೆ ಅದು ಹೆಚ್ಚಾಗಿ ಸಿಗುವುದಿಲ್ಲ. ಅದಕ್ಕೇ ಪೀಳಿಗೆಗಿಂತ ಮೊದಲು ಚಾನೆಲ್ ಅಗಲ ನೋಡಿ ಎನ್ನುವುದು.

ಲಿಂಕ್ ಸ್ಪೀಡ್ ಎಷ್ಟಿದೆಯೋ ಅಷ್ಟೇ ಡೌನ್‌ಲೋಡ್ ವೇಗ ಬರುವುದಿಲ್ಲ. ವೈ-ಫೈ ತನ್ನ ಹೊತ್ತಿನ ಒಂದು ಪಾಲನ್ನು ಕಾಯುವುದರಲ್ಲಿ, ‘ತಲುಪಿತು’ ಎಂಬ ಉತ್ತರ ಪಡೆಯುವುದರಲ್ಲಿ ಕಳೆಯುತ್ತದೆ. ಮೂರನೇ ಎರಡು ಭಾಗ ಸಿಕ್ಕರೆ ಚೆನ್ನಾಗಿದೆ ಎಂದುಕೊಳ್ಳಿ. 1201ರ ಲಿಂಕ್‌ನಲ್ಲಿ 800 ಎಂಬಿಪಿಎಸ್ ಬಂದರೆ ಏನೂ ತೊಂದರೆಯಿಲ್ಲ.

ಐಫೋನ್ ಈ ಅಂಕಿಯನ್ನು ವೈ-ಫೈ ಸೆಟ್ಟಿಂಗ್ಸ್‌ನಲ್ಲಿ ತೋರಿಸುವುದಿಲ್ಲ. ರೂಟರ್‌ನ ಆ್ಯಪ್‌ನಲ್ಲಿ ಸೇರಿಕೊಂಡ ಸಾಧನಗಳ ಪಟ್ಟಿ ತೆರೆದು ನೋಡಬೇಕು. ಅಲ್ಲಿ ಪ್ರತಿ ಸಾಧನದ ಬ್ಯಾಂಡ್, ಎಷ್ಟೋ ಸಲ ಲಿಂಕ್ ವೇಗವೂ ಇರುತ್ತದೆ.

6 ಸಾಕೋ, 6ಇ ಬೇಕೋ

160 ಮೆಗಾಹರ್ಟ್ಸ್ ಅಗಲಕ್ಕೆ 5 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಜಾಗ ಬಲು ಕಡಿಮೆ. 36ರಿಂದ 64ರವರೆಗಿನ ಚಾನೆಲ್‌ಗಳಲ್ಲಿ ಒಂದು, 100ರಿಂದ 128ರವರೆಗೆ ಇನ್ನೊಂದು, ಹೆಚ್ಚಿನ ಕಡೆ ಇಷ್ಟೇ. ಇವೆರಡೂ ರೇಡಾರ್ ಬಳಸುವ ಪಟ್ಟಿಗಳನ್ನು ತಾಗಿಕೊಂಡಿವೆ. ಆದ್ದರಿಂದ ರೂಟರ್ ಶುರುವಾಗುವ ಮೊದಲು ಕನಿಷ್ಠ 60 ಸೆಕೆಂಡ್ ಸುಮ್ಮನೆ ಕಿವಿಗೊಟ್ಟು ಕೇಳಬೇಕು. ನಡುವೆ ಎಂದಾದರೂ ರೇಡಾರ್ ಸುಳಿವು ಸಿಕ್ಕರೆ ತಕ್ಷಣ ಆ ಚಾನೆಲ್ ಖಾಲಿ ಮಾಡಬೇಕು. ಚೆನ್ನಾಗಿ ನಡೆಯುತ್ತಿದ್ದ ವಿಡಿಯೊ ಕರೆ ಇದ್ದಕ್ಕಿದ್ದಂತೆ ನಿಂತು, ಸ್ವಲ್ಪ ಹೊತ್ತಿನ ನಂತರ ಬೇರೆ ಚಾನೆಲ್‌ನಲ್ಲಿ ಮರಳಿ ಬಂದರೆ ಇದೂ ಒಂದು ಕಾರಣ ಇರಬಹುದು. ಹೀಗಾಗಿ ವೈ-ಫೈ 6ರ ಎಷ್ಟೋ ಫೋನ್‌ಗಳು 80ಕ್ಕೇ ನಿಲ್ಲುತ್ತವೆ. ಎಷ್ಟೋ ರೂಟರ್‌ಗಳೂ 160 ಅನ್ನು ಆಫ್ ಮಾಡಿಕೊಂಡೇ ಬರುತ್ತವೆ.

6 ಗಿಗಾಹರ್ಟ್ಸ್‌ನಲ್ಲಿ ಈ ಇಕ್ಕಟ್ಟಿಲ್ಲ. ಅಮೆರಿಕ 2020ರಲ್ಲಿ 5925ರಿಂದ 7125 ಮೆಗಾಹರ್ಟ್ಸ್‌ವರೆಗೆ, ಅಂದರೆ 1200 ಮೆಗಾಹರ್ಟ್ಸ್‌ನಷ್ಟು ಪಟ್ಟಿಯನ್ನು ತೆರೆಯಿತು. ಅಲ್ಲಿ 160 ಅಗಲದ ಏಳು ಚಾನೆಲ್‌ಗಳು ಒಂದರ ಮೇಲೊಂದು ಬೀಳದೆ ಕೂರುತ್ತವೆ. ಯುರೋಪ್ ಒಕ್ಕೂಟ 2021ರಲ್ಲಿ ಕೆಳಗಿನ 480 ಮೆಗಾಹರ್ಟ್ಸ್ ಮಾತ್ರ ತೆರೆದದ್ದರಿಂದ ಅಲ್ಲಿ ಮೂರಷ್ಟೇ. ವೈ-ಫೈ 5 ಅಥವಾ 6ರ ಸಾಧನ ಯಾವುದೂ ಈ ಬ್ಯಾಂಡ್‌ಗೆ ಬರಲಾರದು. ಅಕ್ಕಪಕ್ಕದ ಮನೆಗಳ ಹತ್ತಾರು ನೆಟ್‌ವರ್ಕ್‌ಗಳು ಒಂದರ ಮೇಲೊಂದು ಬೀಳುವ ಅಪಾರ್ಟ್‌ಮೆಂಟ್‌ಗಳಲ್ಲಿ 6ಇ ಬೆಲೆ ತಿಳಿಯುವುದು ಇಲ್ಲಿಯೇ. ವೇಗಕ್ಕಿಂತ ಹೆಚ್ಚಾಗಿ, ಒಂದೇ ಸಮನೆ ಬರುವ ಸಂಪರ್ಕ ಸಿಗುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ದೂರ. ಬಯಲಿನಲ್ಲಿ 6.5 ಗಿಗಾಹರ್ಟ್ಸ್ ಸಂಕೇತ 5.5ಕ್ಕಿಂತ ಸುಮಾರು ಒಂದೂವರೆ ಡೆಸಿಬೆಲ್ ಹೆಚ್ಚು ಕ್ಷೀಣಿಸುತ್ತದೆ. 2.4ಕ್ಕೆ ಹೋಲಿಸಿದರೆ ಎಂಟೂವರೆ ಡೆಸಿಬೆಲ್ ಹೆಚ್ಚು. ಗೋಡೆ ಬಂದರೆ ಅಂತರ ಇನ್ನೂ ಬೆಳೆಯುತ್ತದೆ. ಜೊತೆಗೆ ಮನೆಯೊಳಗಿನ 6 ಗಿಗಾಹರ್ಟ್ಸ್ ರೂಟರ್‌ಗಳಿಗೆ ಶಕ್ತಿಯ ಮಿತಿಯೂ ಬಿಗಿಯಾಗಿದೆ. ಅಮೆರಿಕದ ನಿಯಮದಲ್ಲಿ ಫೋನ್‌ಗೆ ರೂಟರ್‌ಗಿಂತ 6 ಡೆಸಿಬೆಲ್ ಕಡಿಮೆ ಶಕ್ತಿ ಮಾತ್ರ. ಹಾಗಾಗಿ ಡೌನ್‌ಲೋಡ್ ಚೆನ್ನಾಗಿ ಬರುತ್ತಿದ್ದಾಗಲೇ ಅಪ್‌ಲೋಡ್ ಕುಸಿಯಬಹುದು. ದಪ್ಪ ಗೋಡೆಯ ಮನೆಯಲ್ಲಿ, ಒಂದೇ ರೂಟರ್ ಇಟ್ಟುಕೊಂಡು, ಮೂರನೇ ಕೋಣೆಯಲ್ಲಿ ಫೋನ್ ಬಳಸುವವರಿಗೆ 6ಇ ಹೆಚ್ಚೇನೂ ಕೊಡದು. ಅಲ್ಲಿ ಫೋನ್ ತಾನೇ 5ಕ್ಕೋ 2.4ಕ್ಕೋ ಇಳಿದುಬಿಡುತ್ತದೆ.

6ಇಯಿಂದ 7ಕ್ಕೆ

ವೈ-ಫೈ 7ರ ಪ್ರಮಾಣೀಕರಣ ಶುರುವಾದದ್ದು 2024ರ ಜನವರಿಯಲ್ಲಿ. ಅದರ ಮೂರು ಹೆಗ್ಗಳಿಕೆಗಳಲ್ಲಿ 4096-ಕ್ಯೂಎಎಂ ಬಗ್ಗೆ ಆಗಲೇ ಹೇಳಿದ್ದಾಯಿತು. ಎರಡನೆಯದು 320 ಮೆಗಾಹರ್ಟ್ಸ್ ಅಗಲ. ಇದು 6 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಸಾಧ್ಯ, ಮತ್ತು ಫೋನ್ ಇದನ್ನು ಬೆಂಬಲಿಸಲೇಬೇಕು ಎಂಬ ಕಡ್ಡಾಯವಿಲ್ಲ. ಐಫೋನ್ 16 ವೈ-ಫೈ 7 ಫೋನೇ, ಆದರೂ 160ಕ್ಕೇ ನಿಲ್ಲುತ್ತದೆ.

ಮೂರನೆಯದು ಎಂಎಲ್ಒ. ಒಂದೇ ಸಂಪರ್ಕವನ್ನು ಎರಡು ಬ್ಯಾಂಡ್‌ಗಳ ಮೇಲೆ ಹರಡಿ ಇಟ್ಟುಕೊಳ್ಳುವ ವ್ಯವಸ್ಥೆ ಇದು. ಎರಡರ ವೇಗವೂ ಕೂಡಿ ಬರುತ್ತದೆ ಎಂದು ನಂಬಿ ಹಲವರು ನಿರಾಶರಾಗುತ್ತಾರೆ. ಎಷ್ಟೋ ಫೋನ್‌ಗಳು ಎರಡೂ ಬ್ಯಾಂಡ್‌ಗಳ ಮೇಲೆ ಕಿವಿ ಇಟ್ಟಿರುತ್ತವೆ, ಆದರೆ ಒಂದು ಹೊತ್ತಿಗೆ ದತ್ತಾಂಶ ಸಾಗಿಸುವುದು ಒಂದರಲ್ಲೇ. ನಿಜವಾದ ಲಾಭ ಬೇರೆ. ಒಂದು ಬ್ಯಾಂಡ್‌ನಲ್ಲಿ ಗದ್ದಲ ಎದ್ದರೆ, ಮತ್ತೆ ಹೊಸದಾಗಿ ಸೇರಿಕೊಳ್ಳುವ ತಾಪತ್ರಯವಿಲ್ಲದೆ ಇನ್ನೊಂದಕ್ಕೆ ಜಾರಬಹುದು. ಆಟ ಆಡುವವರಿಗೆ, ಫೋನ್ ಕೈಯಲ್ಲಿ ಹಿಡಿದು ನಡೆಯುತ್ತಲೇ ವಿಡಿಯೊ ಕರೆಯಲ್ಲಿ ಮಾತಾಡುವವರಿಗೆ ಇದು ಉಪಯೋಗ.

ನಮ್ಮ ಅಭಿಪ್ರಾಯ ಸ್ಪಷ್ಟ. 6ರಿಂದ 6ಇಗೆ ಹೋಗುವುದು ದೊಡ್ಡ ಹೆಜ್ಜೆ, 6ಇಯಿಂದ 7ಕ್ಕೆ ಹೋಗುವುದು ಸಣ್ಣ ಹೆಜ್ಜೆ. ಒಳ್ಳೆಯ 6ಇ ಫೋನ್ ಕೈಯಲ್ಲಿದ್ದವರು ವೈ-ಫೈಗಾಗಿ ಮಾತ್ರ 7ರ ಫೋನ್ ಕೊಳ್ಳುವುದು ಬೇಡ.

ಕೆಲವು ಫೋನ್‌ಗಳು ಎಲ್ಲಿ ನಿಲ್ಲುತ್ತವೆ

ಹೆಸರು ನೋಡಿ ಊಹಿಸಬೇಡಿ, ಒಂದೇ ಸರಣಿಯೊಳಗೇ ವ್ಯತ್ಯಾಸ ಇರುತ್ತದೆ. ಐಫೋನ್ 11ರಿಂದ 14ರವರೆಗೆ ಎಲ್ಲವೂ ವೈ-ಫೈ 6. 15ರಲ್ಲಿ ಪ್ರೊ ಮಾದರಿಗಳಿಗೆ ಮಾತ್ರ 6ಇ ಬಂತು, ಬರೀ 15 ಮತ್ತು 15 ಪ್ಲಸ್ 6ರಲ್ಲೇ ಉಳಿದವು. 16ರ ನಾಲ್ಕು ಮಾದರಿಗಳು 7ಕ್ಕೆ ಹೋದವು, ಆಮೇಲೆ ಬಂದ 16ಇ ಮತ್ತೆ 6. ಆ ಹೆಸರಿನ ಕೊನೆಯ ‘ಇ’ ನೋಡಿ ವೈ-ಫೈ 6ಇ ಎಂದು ತಿಳಿಯುವವರಿದ್ದಾರೆ, ಎರಡಕ್ಕೂ ಸಂಬಂಧವಿಲ್ಲ. ಸ್ಯಾಮ್‌ಸಂಗ್‌ನಲ್ಲಿ ಗ್ಯಾಲಕ್ಸಿ ಎಸ್10 ವೈ-ಫೈ 6 ತಂದರೆ, 2021ರ ಎಸ್21 ಅಲ್ಟ್ರಾ 6ಇ ತಂದಿತು. ಎಸ್24ರಲ್ಲಿ ಅಲ್ಟ್ರಾ ಮಾತ್ರ 7, ಉಳಿದೆರಡು 6ಇ. ಗೂಗಲ್ ಪಿಕ್ಸೆಲ್ 6ರಲ್ಲಿ 6ಇ, ಪಿಕ್ಸೆಲ್ 8ರಲ್ಲಿ 7.

ಒಂದು ದೇಶದಲ್ಲಿ 6 ಗಿಗಾಹರ್ಟ್ಸ್ ಬಳಸುವ ಫೋನ್, ಆ ಬ್ಯಾಂಡ್ ತೆರೆಯದ ಇನ್ನೊಂದು ದೇಶಕ್ಕೆ ಹೋದರೆ ಅದನ್ನು ತಾನಾಗಿ ಮುಚ್ಚಿಕೊಳ್ಳುತ್ತದೆ. ಹೊರದೇಶದಿಂದ ತರಿಸಿದ ಫೋನ್ ಕೊಳ್ಳುವವರು ತಯಾರಕರ ಜಾಲತಾಣದಲ್ಲಿ ನಿಖರವಾದ ಮಾದರಿ ಸಂಖ್ಯೆ ಹಾಕಿ ನೋಡಿಕೊಳ್ಳಿ. ಹಾಗೆಯೇ 5ಜಿ ಫೋನ್ ಎಂದ ಮಾತ್ರಕ್ಕೆ ವೈ-ಫೈ ಹೊಸದು ಎಂದಲ್ಲ. 5ಜಿ ಮೊಬೈಲ್ ಜಾಲದ ಪೀಳಿಗೆ, 5 ಗಿಗಾಹರ್ಟ್ಸ್ ವೈ-ಫೈ ಬ್ಯಾಂಡ್. ವೈ-ಫೈ 5 ಮಾತ್ರ ಇರುವ 5ಜಿ ಫೋನ್‌ಗಳು ಬೇಕಾದಷ್ಟಿವೆ.

ರೂಟರ್ ಪೆಟ್ಟಿಗೆಯ ಮೇಲಿನ ಸಂಖ್ಯೆ ಬಿಡಿಸುವುದು

ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆ ಎಲ್ಲ ಬ್ಯಾಂಡ್‌ಗಳ ವೇಗವನ್ನು ಕೂಡಿಸಿ ಬರೆದದ್ದು. ಫೋನ್‌ಗೆ ಸಿಗುವುದು ಅದರಲ್ಲಿ ಒಂದು ಬ್ಯಾಂಡ್‌ನ ಪಾಲು. ಎಎಕ್ಸ್1800 ಎಂದರೆ 574 ಮತ್ತು 1201, ಅಂದರೆ 80 ಮೆಗಾಹರ್ಟ್ಸ್ ರೂಟರ್. ಎಎಕ್ಸ್3000 ಎಂದರೆ 574 ಮತ್ತು 2402, ಇದರಲ್ಲಿ 160 ಇದೆ. ಆದರೆ 80ಕ್ಕೇ ನಿಲ್ಲುವ ಫೋನ್‌ಗೆ ಈ ಎರಡು ರೂಟರ್‌ಗಳಲ್ಲೂ ಸಿಗುವುದು ಅದೇ 1201.

ಬಿಇ3600 ಎಂಬ ಸಂಖ್ಯೆಯ ಮುಂದೆ ಸ್ವಲ್ಪ ನಿಲ್ಲಿ. 688 ಮತ್ತು 2882 ಕೂಡಿಸಿದರೆ ಲೆಕ್ಕ ಮುಗಿಯಿತು, ಮೂರನೆಯ ಬ್ಯಾಂಡ್‌ಗೆ ಜಾಗವೇ ಇಲ್ಲ. ವೈ-ಫೈ 7 ಎಂದು ದೊಡ್ಡದಾಗಿ ಬರೆದಿದ್ದರೂ ಈ ವರ್ಗದ ರೂಟರ್‌ನಲ್ಲಿ 6 ಗಿಗಾಹರ್ಟ್ಸ್ ಇಲ್ಲ. ನಿಮ್ಮ 6ಇ ಫೋನ್ ಇಲ್ಲಿ ಸಾಮಾನ್ಯ ವೈ-ಫೈ 6 ಫೋನಿನಂತೆಯೇ ನಡೆಯುತ್ತದೆ. 6ಇ ಫೋನ್ ಇರುವವರಿಗೆ ಇದಕ್ಕಿಂತ ಮೂರು ಬ್ಯಾಂಡ್‌ನ ಎಎಕ್ಸ್ಇ5400 ಎಷ್ಟೋ ಮೇಲು. ರೂಟರ್‌ನ ಹಿಂದೆ ಇಂಟರ್ನೆಟ್ ಕೇಬಲ್ ಸೇರುವ ಕಿಂಡಿ 1 ಗಿಗಾಬಿಟ್‌ನದ್ದಾದರೆ, ಮುಂದೆ ಏನೇ ಇದ್ದರೂ ಇಂಟರ್ನೆಟ್ ವೇಗ 940 ಎಂಬಿಪಿಎಸ್ ಆಸುಪಾಸಿನಲ್ಲಿ ನಿಲ್ಲುತ್ತದೆ.

ಯಾರಿಗೆ ಯಾವುದು

ಮನೆಯ ಇಂಟರ್ನೆಟ್ 300 ಎಂಬಿಪಿಎಸ್ ಒಳಗಿದ್ದು, ಸಾಧನಗಳು ಕಡಿಮೆ ಇದ್ದರೆ ಎರಡು ಆಂಟೆನಾದ ವೈ-ಫೈ 5 ಫೋನ್ ಇನ್ನೂ ಸಾಕು. ಈಗ ಹೊಸದಾಗಿ ಕೊಳ್ಳುವುದಾದರೆ ಎರಡು ಆಂಟೆನಾದ ವೈ-ಫೈ 6 ಅನ್ನು ಕನಿಷ್ಠ ಮಟ್ಟ ಎಂದಿಟ್ಟುಕೊಳ್ಳಿ. ಒಂದೇ ಆಂಟೆನಾದ ವೈ-ಫೈ 6ಕ್ಕಿಂತ ಎರಡು ಆಂಟೆನಾದ 5 ಎಷ್ಟೋ ಸಲ ಚೆನ್ನಾಗಿ ನಡೆಯುತ್ತದೆ, ಸಂಕೇತ ದುರ್ಬಲವಾದ ಜಾಗದಲ್ಲಂತೂ ಖಂಡಿತ. ವಿವರಪಟ್ಟಿಯಲ್ಲಿ ‘2x2 ಮಿಮೊ’ ಎಂಬ ಪದ ಹುಡುಕಿ. ಸುತ್ತ ನೆಟ್‌ವರ್ಕ್‌ಗಳ ಸಂತೆ ಇದ್ದು, ರೂಟರ್ ಹತ್ತಿರವೇ ಕೂತು ಬಳಸುವವರಾದರೆ, ನಿಮ್ಮ ದೇಶದಲ್ಲಿ 6 ಗಿಗಾಹರ್ಟ್ಸ್ ತೆರೆದಿದ್ದರೆ 6ಇಗೆ ಹೆಚ್ಚಿನ ದುಡ್ಡು ಕೊಡುವುದರಲ್ಲಿ ಅರ್ಥವಿದೆ. ಫೋನ್ ಅನ್ನು ಐದಾರು ವರ್ಷ ಇಟ್ಟುಕೊಳ್ಳುವವರು, ರೂಟರ್ ಕೂಡ ಬದಲಿಸುವ ಯೋಚನೆಯಲ್ಲಿರುವವರು 7ಕ್ಕೆ ಹೋಗಲಿ. ಫೋನ್‌ನ ರೇಡಿಯೊ ಚಿಪ್ ಅನ್ನು ಆಮೇಲೆ ಬದಲಿಸಲು ಬರುವುದಿಲ್ಲ.

ಹೊಂದಿಕೆ ಎಲ್ಲಿ ತಪ್ಪುತ್ತದೆ

ಹೆಚ್ಚಿನ ತಕರಾರುಗಳ ಬೇರು ಭದ್ರತೆಯ ಸೆಟ್ಟಿಂಗ್‌ನಲ್ಲಿದೆ. 6 ಗಿಗಾಹರ್ಟ್ಸ್‌ನಲ್ಲಿ ಪಾಸ್‌ವರ್ಡ್ ಇರುವ ನೆಟ್‌ವರ್ಕ್‌ಗೆ ಡಬ್ಲ್ಯೂಪಿಎ3 ಎಂಬ ಹೊಸ ಭದ್ರತಾ ವಿಧಾನ ಕಡ್ಡಾಯ, ಹಳೆಯ ಡಬ್ಲ್ಯೂಪಿಎ2 ಅಲ್ಲಿ ನಡೆಯುವುದೇ ಇಲ್ಲ. ವೈ-ಫೈ 7ರ ಎಂಎಲ್ಒಗೂ ಅದೇ ಬೇಕು. ಹಾಗೆಂದು ಎಲ್ಲ ಬ್ಯಾಂಡ್‌ಗಳಿಗೂ ಡಬ್ಲ್ಯೂಪಿಎ3 ಹಾಕಿದರೆ ಹಳೆಯ ಫೋನ್‌ಗಳು, ಸ್ಮಾರ್ಟ್ ಬಲ್ಬ್‌ಗಳು ಸಾಲಾಗಿ ಉದುರುತ್ತವೆ. 6ರಲ್ಲಿ ಡಬ್ಲ್ಯೂಪಿಎ3 ಇರಲಿ. 2.4 ಮತ್ತು 5ರಲ್ಲಿ ಎರಡೂ ಸೇರಿದ ‘ಡಬ್ಲ್ಯೂಪಿಎ2/ಡಬ್ಲ್ಯೂಪಿಎ3’ ಆಯ್ಕೆ ಇರಲಿ, ಪಿಎಂಎಫ್ (ಸಂಪರ್ಕ ನಿರ್ವಹಿಸುವ ಸಂದೇಶಗಳ ರಕ್ಷಣೆ) ಎಂಬ ಸಾಲಿನಲ್ಲಿ ‘ಕಡ್ಡಾಯ’ ಬದಲು ‘ಐಚ್ಛಿಕ’ ಇರಲಿ. ಆಗಲೂ ಸೇರದ ಹಟಮಾರಿ ಸಾಧನಗಳಿಗೆ 2.4ರಲ್ಲಿ ಬೇರೆ ಹೆಸರಿನ, ಡಬ್ಲ್ಯೂಪಿಎ2 ಮಾತ್ರ ಇರುವ ಗೆಸ್ಟ್ ನೆಟ್‌ವರ್ಕ್ ಮಾಡಿಕೊಡಿ.

6 ಗಿಗಾಹರ್ಟ್ಸ್ ನೆಟ್‌ವರ್ಕ್ ಫೋನ್‌ಗೆ ಕಾಣುತ್ತಲೇ ಇಲ್ಲ ಎಂಬುದು ಇನ್ನೊಂದು ದೂರು. ಆ ಬ್ಯಾಂಡ್‌ನಲ್ಲಿ 20 ಮೆಗಾಹರ್ಟ್ಸ್‌ನ 59 ಚಾನೆಲ್‌ಗಳವರೆಗೆ ಇರುವುದರಿಂದ ಫೋನ್ ಎಲ್ಲವನ್ನೂ ತಡಕಾಡುವುದಿಲ್ಲ. ರೂಟರ್ ತನ್ನ 2.4 ಮತ್ತು 5ರ ಘೋಷಣೆಯಲ್ಲೇ ‘ನಾನು 6ರಲ್ಲಿ ಇಂಥ ಚಾನೆಲ್‌ನಲ್ಲಿದ್ದೇನೆ’ ಎಂದು ಸುಳಿವು ಕೊಡುತ್ತದೆ, ಫೋನ್ ಅದನ್ನು ಹಿಡಿದು ಹೋಗುತ್ತದೆ. ಕೆಳಗಿನ ಬ್ಯಾಂಡ್‌ಗಳನ್ನು ಆಫ್ ಮಾಡಿದರೆ ಈ ದಾರಿ ಮುಚ್ಚುತ್ತದೆ. ಮೂರೂ ಬ್ಯಾಂಡ್‌ಗಳಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಡಿ. 6ಕ್ಕೆ ಬೇರೆ ಹೆಸರಿಟ್ಟರೆ ಐಫೋನ್ ‘ಸೀಮಿತ ಹೊಂದಾಣಿಕೆ’ ಎಂಬ ಎಚ್ಚರಿಕೆ ಕೊಡುವುದು ಇದಕ್ಕಾಗಿಯೇ. ಚಾನೆಲ್ ಅನ್ನು ಕೈಯಾರೆ ಆರಿಸುವುದಾದರೆ 5, 21, 37, 53 ಹೀಗೆ ಹದಿನಾರು ಹದಿನಾರು ಕೂಡುತ್ತ ಹೋಗುವ ಚಾನೆಲ್‌ಗಳಲ್ಲೇ ಒಂದನ್ನು ಆರಿಸಿ. ಸುಳಿವು ಸಿಗದಿದ್ದಾಗ ಫೋನ್ ಮೊದಲು ತಟ್ಟುವ ಬಾಗಿಲುಗಳು ಇವೇ.

ರೂಟರ್‌ನಲ್ಲಿ ಭದ್ರತೆ ಬದಲಿಸಿದ ಮೇಲೆ ಪಾಸ್‌ವರ್ಡ್ ಅದೇ ಇದ್ದರೂ ಫೋನ್ ಸೇರದೆ ಸತಾಯಿಸಬಹುದು, ಇಲ್ಲವೇ ಹಳೆಯ ಬ್ಯಾಂಡ್‌ಗೇ ಅಂಟಿಕೊಳ್ಳಬಹುದು. ಫೋನ್‌ನಲ್ಲಿ ಆ ನೆಟ್‌ವರ್ಕ್ ಮೇಲೆ ಒತ್ತಿ ‘ಮರೆತುಬಿಡು’ ಕೊಟ್ಟು, ರೂಟರ್ ಹತ್ತಿರ ನಿಂತು ಹೊಸದಾಗಿ ಸೇರಿಸಿ. ಎಂಎಲ್ಒ ಆನ್ ಮಾಡಿದ ಮೇಲೆ ಹಳೆಯ ಸಾಧನಗಳು ತುಂಡು ತುಂಡಾಗಿ ಕಡಿದು ಹೋಗುತ್ತಿದ್ದರೆ ಮೊದಲು ರೂಟರ್‌ನ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿ. ಆಗಲೂ ಸರಿಹೋಗದಿದ್ದರೆ ಎಂಎಲ್ಒ ಒಂದನ್ನೇ ಆಫ್ ಮಾಡಿ, 6 ಗಿಗಾಹರ್ಟ್ಸ್ ಮತ್ತು 160ರ ಲಾಭ ಹಾಗೆಯೇ ಉಳಿಯುತ್ತದೆ.

ಫೋನ್ ಅನ್ನೇ ಹಾಟ್‌ಸ್ಪಾಟ್ ಮಾಡಿಕೊಳ್ಳುವವರು ಒಂದು ಸ್ವಿಚ್ ನೋಡಿಕೊಳ್ಳಿ. ಐಫೋನ್ 12 ಮತ್ತು ನಂತರದವುಗಳಲ್ಲಿ ಹಾಟ್‌ಸ್ಪಾಟ್ ಪುಟದಲ್ಲಿ ಹೊಂದಾಣಿಕೆ ಹೆಚ್ಚಿಸುವ ಆಯ್ಕೆ ಇದೆ. ಅದು ಆನ್ ಇದ್ದರೆ ಹಾಟ್‌ಸ್ಪಾಟ್ 2.4 ಗಿಗಾಹರ್ಟ್ಸ್‌ಗೆ ಇಳಿಯುತ್ತದೆ. ಆಂಡ್ರಾಯ್ಡ್‌ನಲ್ಲಿ ಇದೇ ಕೆಲಸ ಹಾಟ್‌ಸ್ಪಾಟ್‌ನ ಬ್ಯಾಂಡ್ ಆಯ್ಕೆಯಲ್ಲಿ ಸಿಗುತ್ತದೆ. ಹಳೆಯ ಲ್ಯಾಪ್‌ಟಾಪ್‌ಗೆ ಹಾಟ್‌ಸ್ಪಾಟ್ ಕಾಣದಿದ್ದಾಗ 2.4ಕ್ಕೆ ಇಳಿಸಿ, ಕೆಲಸ ಮುಗಿದ ಮೇಲೆ ಮರೆಯದೆ 5ಕ್ಕೆ ಏರಿಸಿ.